ಕಾರಣ, ಒಂದು ಗೆರೆ

ಸಿವಿಲ್ ಡಿಫೆನ್ಸಿನ ಹುಡುಗ ಹಮ್ದಾನ್
ನನ್ನ ಟ್ಯಾಂಕರಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಬರೆಯುತ್ತಿದ್ದ.
ಸ್ಥಳ: ರುಸ್ತಾಕಿನಾಚೆ, ಗುಡ್ಡದ ಬುಡ.
ಸುಟ್ಟದ್ದು: ಖರ್ಜೂರದ ಮರ ನೂರಾ ಹದಿನಾಲ್ಕು, ಮೇಕೆ ಎರಡು.
ಕಾರಣ:
ಅಲ್ಲಿ ಪೆನ್ನು ನಿಂತಿತು.
ಫಾರಮ್ಮಿನಲ್ಲಿ ಕಾರಣಕ್ಕೆ ಇದ್ದದ್ದು ಒಂದೇ ಗೆರೆ.

ಸಿಗರೇಟು, ಎಂದರು ಯಾರೋ
ಮೊಫಿಜುಲ್‌ನ ಕಡೆ ನೋಡದೆ ನೋಡುತ್ತ.
ಅಲ್ಲ, ಪಿಕ್‌ನಿಕ್ಕಿನವರು ಬೇಲಿಯಾಚೆ ಬಿಟ್ಟುಹೋದ ಇದ್ದಿಲು;
ಮರಳು ಕೆಂಡವನ್ನು ಆರಿಸುವುದಿಲ್ಲ, ಮಲಗಿಸುತ್ತದೆ ಅಷ್ಟೆ.
ಘರ್ಬಿ ಗಾಳಿ, ಎಂದ ಇನ್ನೊಬ್ಬ,
ಮೂರು ದಿನದಿಂದ ಒಲೆಯ ಬಾಯಿಯ ಹಾಗೆ ಊದುತ್ತಿತ್ತು.
ಅಥವಾ ಆ ಒಣಗರಿ:
ಮರ ಹತ್ತುವ ತುಫೈಲನ ಮಂಡಿ ಕೈಕೊಟ್ಟು ಮೂರು ವರ್ಷ,
ಅಂದಿನಿಂದ ಯಾವ ಮರಕ್ಕೂ ಕತ್ತಿ ಬಿದ್ದಿಲ್ಲ,
ಒಂದೊಂದೂ ನೆಲದವರೆಗೆ ಹಳೇ ಲಂಗ ಇಳಿಬಿಟ್ಟು ನಿಂತಿತ್ತು.

ಪಂಪಿನ ವೈರಿನ ಬಗ್ಗೆ ಯಾರೂ ಹೇಳಲಿಲ್ಲ.
ಆ ವೈರಿನ ಜೋಡಣೆಗೆ ಪ್ಲಾಸ್ಟಿಕ್ ಚೀಲ ಸುತ್ತಿದವನು ನಾನು.
ಗಂಗಾವತಿಯಲ್ಲಿ ಹೀಗೇ ಸುತ್ತುತ್ತಿದ್ದೆವು,
ಏನೂ ಆಗುತ್ತಿರಲಿಲ್ಲ.

ರಾತ್ರಿ ಹನ್ನೆರಡೂವರೆಗೆ
ಮಸೀದಿಯ ಮೈಕಿನಲ್ಲಿ ಅಜಾನಲ್ಲದ ಕೂಗು:
ಮಾಯ್, ಮಾಯ್. ನೀರು, ನೀರು ಎಂದು.
ಹದಿನಾಲ್ಕು ವರ್ಷ ಅರಬ್ಬಿ ಮಾತಾಡಿದ ಈ ಕಿವಿಗೆ
ನಿದ್ದೆಗಣ್ಣಿನಲ್ಲಿ ಕೇಳಿದ್ದು ಕನ್ನಡವೇ:
ಮಾಯ, ಮಾಯ.

ನನ್ನ ಟ್ಯಾಂಕರಿನ ಐದು ಸಾವಿರ ಗ್ಯಾಲನ್
ಹನ್ನೊಂದು ನಿಮಿಷ ಬಂತು.
ಫೈರ್ ಇಂಜಿನ್ನು ಇನ್ನೂ ವಾದಿಯ ತಿರುವುಗಳಲ್ಲಿ
ಕೆಂಪು ಮಿಣುಕು.
ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎನ್ನುತ್ತೇವೆ ನಾವು.
ಇಲ್ಲಿ ಬೆಂಕಿ ಬೀಳುವ ಎಷ್ಟೋ ನೂರು ವರ್ಷ ಮೊದಲೇ
ಯಾರೋ ಗುಡ್ಡದ ಹೊಟ್ಟೆಯಿಂದ ಕಾಲುವೆ ತೋಡಿಟ್ಟಿದ್ದರು.
ಫಲಜ್.
ಅದರ ನೀರಿಗೆ ಪಾಳಿ, ಪಾಳಿಗೆ ಒಡೆಯರು, ಒಡೆತನಕ್ಕೆ ಜಗಳ.

ಒಂದರಿಂದ ಒಂದೂವರೆಯವರೆಗಿನ ನೀರು ಜುವೈನಾಳದು.
ಉರಿಯುತ್ತಿದ್ದದ್ದು ಖಲ್ಫಾನನ ತೋಟ.
ಗಡಿಯ ಒಂದು ನಿಂಬೆಗಿಡಕ್ಕಾಗಿ
ಆರು ವರ್ಷದಿಂದ ಇಬ್ಬರಿಗೂ ಮಾತಿಲ್ಲ.
ಮುದುಕಿ ಸೆರಗನ್ನು ಹಲ್ಲಲ್ಲಿ ಕಚ್ಚಿ ಬಗ್ಗಿ
ತನ್ನ ತೂಬಿಗೆ ಕಲ್ಲು, ಚಿಂದಿ ತುರುಕಿ
ಅವನ ತೂಬಿನ ಕಲ್ಲು ಎಳೆದಳು.
ಆಗಲೂ ಮಾತಾಡಲಿಲ್ಲ.
ಪಾತ್ರೆ, ಬಕೆಟ್ಟು, ಮದುವೆಯ ಅನ್ನದ ತಪ್ಪಲೆ,
ಒಬ್ಬನ ಕೈಯಲ್ಲಿ ಮಗುವಿನ ಬಾತ್‌ಟಬ್ಬು;
ಮೊಫಿಜುಲ್ ಒದ್ದೆ ಗೋಣಿ ಬಡಿಯುತ್ತಿದ್ದ ಎರಡೂ ಕೈಲಿ,
ಹುಬ್ಬು ಸುಟ್ಟದ್ದು ಅವನಿಗೆ ಗೊತ್ತಾದದ್ದು ಬೆಳಿಗ್ಗೆ.
ಪಾಳಿಯ ಲೆಕ್ಕದ ನಬ್ಹಾನ್ ಮಾತ್ರ
ಆ ಬೆಂಕಿಯ ಬೆಳಕಿನಲ್ಲೇ ನೋಟ್‌ಬುಕ್ ತೆರೆದು
ಯಾರ ನೀರು ಎಷ್ಟು ಹೋಯಿತು, ಬರೆದುಕೊಳ್ಳುತ್ತಿದ್ದ.

ಚೀಲದ ಮಾತು ನಾನೇ ಹೇಳಿದೆ ಹಮ್ದಾನನಿಗೆ.
ನಾಲಿಗೆ ಒಣಗಿತ್ತು; ವೀಸಾ, ಪೊಲೀಸು, ಎಲ್ಲ ನೆನಪಿತ್ತು.
ಅವನು ನನ್ನನ್ನು ನೋಡಿದ, ತುಫೈಲನ ಮಂಡಿ ನೋಡಿದ,
ಬೇಲಿಯಾಚೆಯ ಬೂದಿ ನೋಡಿದ,
ಮತ್ತೆ ಕಾಗದ ಮಗುಚಿ
ಹಿಂದಿನ ಖಾಲಿ ಬದಿಯಲ್ಲಿ ಬರೆಯತೊಡಗಿದ.
ಬಹಳ ಹೊತ್ತು ಬರೆದ.

ಈಗ ಶುಕ್ರವಾರಗಳು ಕತ್ತಿಯವು.
ತುಫೈಲನ ಹಗ್ಗ ನನ್ನ ಸೊಂಟಕ್ಕೆ,
ತುಫೈಲನ ಬೈಗುಳ ಕೆಳಗಿನಿಂದ.
ಒಣಗರಿ ಕಡಿದು ಕಡಿದು ಹಾಕುತ್ತೇನೆ.
ಕರಿಕಂಬವಾದ ಮರಗಳಲ್ಲಿ ಎಲ್ಲವೂ ಸತ್ತಿಲ್ಲ:
ಎಣಿಸಿದ್ದೇನೆ, ನಲವತ್ತೆರಡರ ಸುಳಿ ಹಸಿರು.
ಉಳಿದವು ಏನೂ ಹೇಳುವುದಿಲ್ಲ.

ಮೊನ್ನೆ ಜುವೈನಾ ನಬ್ಹಾನನ ಮುಂದೆ ಕೋಲು ಕುಟ್ಟಿದಳು:
ನನ್ನ ಅರ್ಧ ಗಂಟೆ ಎಲ್ಲಿ?
ಅವನು ನೋಟ್‌ಬುಕ್ ತೆಗೆದ.
ಹದಿನೈದು ಮನೆ, ತಲಾ ಎರಡು ನಿಮಿಷ.
ಮರದ ಮೇಲಿಂದ ನಾನು ಕಂಡೆ,
ನೀರು ಚೂರುಚೂರಾಗಿ, ನಿಂತು, ಬಂದು, ನಿಂತು,
ಅವಳ ನಿಂಬೆಗಳ ಬುಡ ಮುಟ್ಟುತ್ತಿತ್ತು.
ಖಲ್ಫಾನನ ಎರಡು ನಿಮಿಷ
ಸ್ವಲ್ಪ ಹೆಚ್ಚೇ ಹರಿಯಿತೇನೋ.
ನಬ್ಹಾನ್ ಆಗ ಗಡಿಯಾರ ನೋಡುತ್ತಿರಲಿಲ್ಲ.